ಟಿ.ಸಿ. ಮಾಮ ಒಡೆದ ಲಕೋಟೆ

ಅವರ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಒಂಬತ್ತಕ್ಕಿಂತ ಉದ್ದವಿತ್ತು. ಅಂಚು ಹಳದಿ, ನಡುವೆ ಒಂದು ಸಣ್ಣ ಸೀಳು. ಯಾವ ಕಾಗದ ಕೈಗೆ ಬಂದರೂ ಓದುವುದಕ್ಕೆ ಮೊದಲು ಆ ಉಗುರಿನಿಂದ ಅದರ ಠಸ್ಸೆಯನ್ನು ಮೆಲ್ಲಗೆ ಕೆರೆಯುತ್ತಿದ್ದರು. ಆಮೇಲೆ ಮಗುಚಿ ಹಿಂಬದಿ ನೋಡುತ್ತಿದ್ದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಕನ್ನಡಕ ಹುಡುಕುತ್ತಿದ್ದರು.

ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಪಕ್ಕದ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎರಡನೇ ಮಹಡಿ, ನಮ್ಮದು ಮೂರನೆಯದು. ವಿಜಯಪುರದ ಕಡೆಯವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂಬಯಿಯ ಸೆಂಟ್ರಲ್ ರೈಲು ಲೈನಿನ ಲೋಕಲ್‌ಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾಗಿದ್ದರು. ಹಾಗಾಗಿ ಇಡೀ ಬಿಲ್ಡಿಂಗಿಗೆ ಅವರು ಟಿ.ಸಿ. ಮಾಮ. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಚಿಕ್ಕವಳಿದ್ದಾಗ ಅವರ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಬೈಯುತ್ತಿದ್ದಾರೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು.

ಯಾರನ್ನೂ ನಂಬದ ಮನುಷ್ಯ. ತಾರೀಖು ಓದದೆ ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಂಡವರಲ್ಲ. ಬಾಗಿಲ ಕಿಂಡಿಯಲ್ಲಿ ನಮ್ಮ ಮುಖ ಕಂಡ ಮೇಲೂ "ಯಾರು?" ಎಂದು ಕೇಳಿ, ಹೆಸರು ಹೇಳಿಸಿಯೇ ಚಿಲಕ ತೆಗೆಯುತ್ತಿದ್ದರು. ನನ್ನನ್ನು ತಿಂಗಳಿಗೊಮ್ಮೆ ಮೆಟ್ಟಿಲಲ್ಲಿ ನಿಲ್ಲಿಸಿ ರೈಲಿನ ಪಾಸ್ ತೋರಿಸು ಎನ್ನುತ್ತಿದ್ದರು. ಹನ್ನೊಂದನೆಯ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಸಿಕ್ಕಿಬಿದ್ದೆ. ಪಾಸ್ ಹಿಂದಿನ ದಿನವೇ ಮುಗಿದಿತ್ತು, ನಾನು ಆಗಲೇ ಠಾಣೆ ಊರಿನ ಕಾಲೇಜಿಗೆ ಹೋಗಿ ಬಂದಾಗಿತ್ತು. ಅವರು ನನ್ನನ್ನು ಸ್ಟೇಷನ್ನಿಗೆ ವಾಪಸು ನಡೆಸಿಕೊಂಡು ಹೋಗಿ, ಠಾಣೆಗೆ ಹೋಗಿಬರುವ ಟಿಕೆಟ್ ಕೊಳ್ಳಿಸಿ, ನನ್ನ ಕಣ್ಣೆದುರೇ ಅದನ್ನು ಹರಿದುಹಾಕಿದರು. "ಈಗ ನೀ ಹೋಗಿ ಬಂದಂಗಾತು ನೋಡ ತಂಗಿ," ಎಂದರು. ಆ ವಾರವೆಲ್ಲ ಅವರನ್ನು ಕಂಡರೆ ಲಿಫ್ಟ್ ಹತ್ತುತ್ತಿದ್ದೆ.

ಹೀಗಿದ್ದವರ ಸುತ್ತ ಬಿಲ್ಡಿಂಗಿನಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಬಾಡಿಗೆ ಕರಾರಿರಲಿ, ಬ್ಯಾಂಕಿನ ಪತ್ರವಿರಲಿ, ಗಂಡಿನ ಕಡೆಯವರು ಕಳಿಸಿದ ಬಯೋಡೇಟಾ ಇರಲಿ, ಮುಖ್ಯವಾದ ಕಾಗದವೆಲ್ಲ ಒಮ್ಮೆ ಟಿ.ಸಿ. ಮಾಮನ ಉಗುರಿನ ಕೆಳಗೆ ಹೋಗಿ ಬರಬೇಕು. ಅವರ ತೀರ್ಪು ಎರಡೇ. "ನೋಡೂಣು" ಎಂದರೆ ಅನುಮಾನ. "ಖರೆ ಐತಿ" ಎಂದರೆ ನಿಶ್ಚಿಂತೆ. ಎರಡನೆಯದನ್ನು ನಾನು ಕೇಳಿದ್ದು ಒಂದೇ ಸಲ, ನಮ್ಮ ಮನೆಯ ಖರೀದಿ ಪತ್ರ ಅವರ ಬಳಿ ನಾಲ್ಕು ದಿನ ಇದ್ದು ಬಂದಾಗ. ಅಪ್ಪ ಅವತ್ತು ಮಹಡಿ ಮಹಡಿಗೂ ಪೇಡೆ ಹಂಚಿದ್ದರು.

ನನಗೋ ಅವರ ಮೇಲೆಯೇ ಅನುಮಾನ. ಊರವರ ಕಾಗದವನ್ನೆಲ್ಲ ಓದುವ ಚಟ ಈ ಮುದುಕರಿಗೆ ಯಾಕೆ? ಮಕ್ಕಳಿಲ್ಲದ ಮನೆ, ಹೊತ್ತು ಹೋಗುವುದಿಲ್ಲ, ಎಲ್ಲರ ಗುಟ್ಟು ತನಗೆ ಗೊತ್ತಿರಬೇಕು ಎನ್ನುವ ಆಸೆ ಎಂದೇ ನಾನು ತಿಳಿದಿದ್ದೆ.

ನವಿ ಮುಂಬಯಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಬಿ.ಎಸ್ಸಿ. ಓದುತ್ತಿದ್ದೆ. ಸಂಜೆ ಗಾಳಿ ತಿರುಗಿದಾಗ ಎಂಐಡಿಸಿಯಿಂದ ನಮ್ಮ ಅಡುಗೆಮನೆಗೆ ಬರುವ ವಾಸನೆ ಯಾವುದರದ್ದು ಎಂದು ಕೇಳಿದರೆ ಕಾಲೇಜಿನಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದನ್ನು ಅಳೆಯಲು ಕಲಿಸುವ ಕೋರ್ಸು ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿತ್ತು. ಡಿಗ್ರಿಯ ನಡುವೆಯೇ ಅಲ್ಲಿಗೆ ಬದಲಾಯಿಸಿಕೊಳ್ಳಬಹುದಂತೆ, ಇಲ್ಲಿ ಓದಿದ ಎರಡು ವರ್ಷವನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಠಾಣೆಯ ಒಬ್ಬ ಏಜೆಂಟ್ ಅರ್ಜಿಯನ್ನು ತಾನೇ ತುಂಬಿ ಕಳಿಸಿದ. ಪ್ರವೇಶ ಸಿಕ್ಕಿತು, ಸ್ಕಾಲರ್‌ಶಿಪ್ಪೂ ಸಿಕ್ಕಿತು. ಒಂದು ಷರತ್ತು: ಎರಡು ವರ್ಷದ ಅಂಕಪಟ್ಟಿ ಇಲ್ಲಿಯ ಯೂನಿವರ್ಸಿಟಿಯಿಂದಲೇ ಮೊಹರು ಹಾಕಿದ ಲಕೋಟೆಯಲ್ಲಿ ಹೋಗಬೇಕು. ಲಕೋಟೆ ಒಡೆದಿದ್ದರೆ ಅದು ರದ್ದು.

"ಟೆನ್ಶನ್ ಮತ್ ಲೋ, ಲಕೋಟೆ ತರುವುದು ನಮ್ಮ ಕೆಲಸ," ಎಂದಿದ್ದ ಏಜೆಂಟ್. ತಂದೂ ಕೊಟ್ಟ. ಕೊನೆಯ ದಿನಕ್ಕೆ ಹದಿಮೂರು ದಿನ ಉಳಿದಿತ್ತು. ಮಹಾಪೆಯಲ್ಲಿ ಕ್ಯಾಂಟೀನ್ ನಡೆಸುವ ಅಪ್ಪ ಬೆಳಗ್ಗೆ ಹೊರಡುವಾಗ ಅದನ್ನು ಕೈಗೆತ್ತಿಕೊಂಡರು.

"ಇದನ್ನು ಟಿ.ಸಿ. ಸಾಹೇಬ್ರಿಗೊಮ್ಮೆ ತೋರ್ಸಿ ಕೊರಿಯರ್ ಮಾಡುವ."

"ಅಪ್ಪ, ಅದು ಸೀಲ್ ಆಗಿದೆ. ತೋರ್ಸ್ಲಿಕ್ಕೆ ಎಂಥ ಉಂಟು ಅದರಲ್ಲಿ?"

"ಹೊರಗಿಂದ ನೋಡ್ತಾರೆ ಮಾರಾಯ್ತಿ. ನಿಂಗೆಂಥ ನಷ್ಟ?"

ಸಂಜೆ ಕಾಲೇಜಿನಿಂದ ಬಂದು ನೇರ ಅವರ ಮನೆಗೆ ಹೋದೆ. ಹೆಸರು ಹೇಳಿದೆ, ಬಾಗಿಲು ತೆರೆಯಿತು. ಮೇಜಿನ ಮೇಲೆ ನನ್ನ ಲಕೋಟೆ, ಪಕ್ಕದಲ್ಲಿ ಗಡ್ಡ ಹೆರೆಯುವ ಬ್ಲೇಡು. ಲಕೋಟೆಯ ಒಂದು ಅಂಚನ್ನು ನೂಲು ಹಿಡಿದಷ್ಟು ನೇರವಾಗಿ ಸೀಳಿದ್ದರು.

ನಾನು ಲಕೋಟೆ ಎತ್ತಿಕೊಂಡೆ. "ಒಡೆದರೆ ರದ್ದು ಅಂತ ಮೇಲೇ ಬರೆದಿದೆಯಲ್ಲ ಮಾಮ. ಓದ್ಲಿಲ್ವಾ?"

"ಓದಿದ್ನಿ. ತಗೀಬ್ಯಾಡಂತ ಅಷ್ಟು ದೊಡ್ಡ ಅಕ್ಷರದಾಗ ಬರದಾನಂದ್ರ ಒಳಗ ಏನರ ಇರಬೇಕಂತ ತಗದೆ."

ಅವತ್ತು ನಾನು ಆಡಿದ ಮಾತು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಿಮಗೆ ಮಕ್ಕಳಿಲ್ಲ, ಅದಕ್ಕೇ ಬೇರೆಯವರ ಮಕ್ಕಳು ಮುಂದೆ ಬಂದರೆ ಹೊಟ್ಟೆಯುರಿ ಎಂದೆ. ಅಡುಗೆಮನೆಯಲ್ಲಿ ಮಾಮಿ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದು ನಿಂತಿತು. ಟಿ.ಸಿ. ಮಾಮ ಲಕೋಟೆಯಲ್ಲಿದ್ದ ಅಂಕಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

"ಇದ್ರಾಗ ನಿನ್ನ ಎಟಿಕೆಟಿ ಎಲ್ಲೈತಿ?"

ಒಂದು ವಿಷಯದಲ್ಲಿ ನಪಾಸಾದರೂ ಮುಂದಿನ ವರ್ಷಕ್ಕೆ ಬಿಡುವುದಕ್ಕೆ ನಮ್ಮ ಮುಂಬಯಿ ಕಾಲೇಜುಗಳಲ್ಲಿ ಎಟಿಕೆಟಿ ಎನ್ನುತ್ತಾರೆ. ಮೊದಲ ವರ್ಷ ನನಗೆ ಗಣಿತದಲ್ಲಿ ಅದು ಬಂದಿತ್ತು. ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ, ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಎರಡನೇ ಸಲ ಬರೆದು ಕಷ್ಟಪಟ್ಟು ಪಾಸಾಗಿದ್ದೆ. ಈ ಪಟ್ಟಿಯಲ್ಲಿ ಮೊದಲ ಸಲವೇ ಎಪ್ಪತ್ತೆಂಟು ಅಂಕ.

"ಹಿಂದ ನೋಡು," ಎಂದರು. "ಠಸ್ಸೆ ಖರೇನ ಒತ್ತಿದ್ರ ಹಿಂದ ಸ್ವಲ್ಪರ ಕಾಣ್ತದ. ಇದು ಪ್ರಿಂಟ್ ಹೊಡದದ್ದು."

ಹಿಂಬದಿ ಬೆಳ್ಳಗಿತ್ತು. ಏಜೆಂಟ್ ಅರ್ಜಿಯಲ್ಲೂ ಇದೇ ಅಂಕ ತುಂಬಿರಬೇಕು ಎಂದು ಆಗ ಹೊಳೆಯಿತು. ನಿಜ ಹೇಳಬೇಕೆಂದರೆ ಆ ಎಪ್ಪತ್ತೆಂಟು ನನಗೆ ಇಷ್ಟವಾಯಿತು. ಅಸಲಿ ಪಟ್ಟಿ ಹೋದರೆ ಅರ್ಜಿಯ ಜೊತೆ ತಾಳೆಯಾಗುವುದಿಲ್ಲ, ಎಲ್ಲ ಮುಗಿಯಿತು. ಇದೇ ಹೋದರೆ ಯಾರಿಗೆ ತಿಳಿಯುತ್ತದೆ? ನಾನು ಮೆಲ್ಲಗೆ ಕೇಳಿದೆ, "ಗೋಂದು ಹಚ್ಚಿ ಮತ್ತೆ ಅಂಟಿಸ್ಲಿಕ್ಕೆ ಆಗ್ತದಾ ಮಾಮ?"

ಅವರು ನನ್ನನ್ನು ನೋಡಿದ ರೀತಿಯನ್ನು ಲೋಕಲ್ ಡಬ್ಬಿಯಲ್ಲಿ ಎಷ್ಟು ಜನ ಕಂಡಿದ್ದರೋ. "ಟಿಕೀಟ್ ಇಲ್ಲದವ್ರನ್ನ ಭಾಳ ಮಂದಿನ್ನ ಬಿಟ್ಟೀನಿ ನಾ. ರೊಕ್ಕ ಇರಂಗಿಲ್ಲ, ಅವಸರ ಇರ್ತದ. ಖೊಟ್ಟಿ ಪಾಸ್ ತೋರಿಸಿದವ್ರನ್ನ ಒಬ್ಬರನ್ನೂ ಬಿಟ್ಟಿಲ್ಲ." ಆಮೇಲೆ ದನಿ ತಗ್ಗಿಸಿ, "ಅಮೆರಿಕದವ್ರಿಗೆ ನೀನ ಬರಿ. ಆದದ್ದು ಆದಂಗ ಬರಿ. ನಾಳೆ ಯೂನಿವರ್ಸಿಟಿಗೆ ಹೋಗೂಣು, ಅಸಲಿ ತರೂಣು," ಎಂದರು.

ಮೂರು ದಿನ ಹೋದೆವು. ಡೊಂಬಿವಲಿಯ ಗರ್ದಿಯಲ್ಲಿ ಅವರು ಜೆಂಟ್ಸ್ ಡಬ್ಬಿ, ನಾನು ಲೇಡೀಸ್. ಇಳಿದ ಮೇಲೆ ಮೊದಲು ನನ್ನ ಟಿಕೆಟ್ ನೋಡುತ್ತಿದ್ದರು. ಕೌಂಟರಿನವನು ಎರಡು ದಿನ "ಉದ್ಯಾ ಯಾ" ಎಂದು ನಾಳೆಗೆ ತಳ್ಳಿದ. ಮೂರನೆಯ ದಿನ ಟಿ.ಸಿ. ಮಾಮ ಊಟದ ಡಬ್ಬಿ ತಂದು ಅವನೆದುರಿನ ಬೆಂಚಿನಲ್ಲೇ ಕೂತರು. ಜಗಳವಿಲ್ಲ, ಮಾತಿಲ್ಲ, ಅವನ ಕೈಯನ್ನೇ ನೋಡುತ್ತ ಕೂತರು. ನಾಲ್ಕು ಗಂಟೆಗೆ ಅಂಕಪಟ್ಟಿ ತಯಾರಾಯಿತು. ಮಾಮ ಲಕೋಟೆಯನ್ನು ನಮ್ಮೆದುರೇ ಅಂಟಿಸಲು ಹೇಳಿ, ಅಂಟಿನ ಮೇಲೆ ಸಹಿ ಮಾಡಿಸಿ, ಸಹಿಯ ಮೇಲೆ ಠಸ್ಸೆ ಒತ್ತಿಸಿದರು. ವಾಪಸು ಬರುವಾಗ ಲಕೋಟೆ ಅವರ ಅಂಗಿಯೊಳಗೆ, ಬನಿಯನ್ನಿನ ಮೇಲಿತ್ತು. ನನ್ನ ಕೈಗೂ ಕೊಡಲಿಲ್ಲ.

ನಾನು ಪತ್ರ ಬರೆದು ಲಕೋಟೆಯ ಜೊತೆ ಕೊರಿಯರ್ ಮಾಡಿದೆ. ಅರ್ಜಿ ಏಜೆಂಟ್ ತುಂಬಿದ್ದು, ಓದದೆ ಸಹಿ ಹಾಕಿದ್ದು ನನ್ನ ತಪ್ಪು, ನನ್ನ ಗಣಿತ ಇಷ್ಟೇ. ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅಪ್ಪ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುತ್ತಿದ್ದರು. ನಾನು ಟಿ.ಸಿ. ಮಾಮನನ್ನು ಮನಸ್ಸಿನಲ್ಲೇ ದಿನಕ್ಕೆ ಹತ್ತು ಸಲ ಶಪಿಸಿದೆ. ಕೊನೆಗೆ ಉತ್ತರ ಬಂತು: ಪ್ರವೇಶ ಉಳಿಯಿತು, ಸ್ಕಾಲರ್‌ಶಿಪ್ ಅರ್ಧವಾಯಿತು, ಗಣಿತ ಮತ್ತೆ ಓದಬೇಕು. ಓಡಿಹೋಗಿ ಅವರಿಗೆ ತೋರಿಸಿದೆ. ಉಗುರಿನಿಂದ ಕೆರೆದರು. "ಇದು ಮನ್ಯಾಗ ತಗದ ಪ್ರಿಂಟೌಟ್. ನೋಡೂಣು," ಎಂದರು. ವೀಸಾ ಬಂದಾಗಲೂ ಅದೇ. "ನೋಡೂಣು. ಅಲ್ಲಿ ಇಳದು ಫೋನ್ ಮಾಡು."

ಅಲ್ಲಿ ಹೋದ ಮೂರನೆಯ ತಿಂಗಳು ಅದೇ ಏಜೆಂಟನ ಮೂಲಕ ಬಂದಿದ್ದ ಕಲ್ಯಾಣದ ಹುಡುಗಿಯೊಬ್ಬಳನ್ನು ಯೂನಿವರ್ಸಿಟಿಯ ಕಚೇರಿಗೆ ಕರೆಸಿದರು. ಅಂಕಪಟ್ಟಿ ಖೊಟ್ಟಿ ಎಂದು ಗೊತ್ತಾಗಿತ್ತು. ಲಕೋಟೆಯೊಳಗೆ ಏನಿತ್ತೆಂದು ತನಗೇ ಗೊತ್ತಿರಲಿಲ್ಲ ಎಂದು ಅವಳು ಅತ್ತಳು. ಯಾರೂ ನಂಬಲಿಲ್ಲ. ನಾನು ನಂಬಿದೆ, ಅದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ. ಅವಳನ್ನು ವಾಪಸು ಕಳಿಸಿಬಿಟ್ಟರು. ಅವಳ ಸೂಟ್‌ಕೇಸು ತಳ್ಳಿಕೊಂಡು ಬಸ್ಸಿನವರೆಗೆ ಹೋಗಿ ಬಂದ ಮೇಲೆ ಡೊಂಬಿವಲಿಗೆ ಫೋನ್ ಮಾಡಿದೆ. ಹೊಟ್ಟೆಯುರಿ ಎಂದಿದ್ದೆನಲ್ಲ, ಆ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ. ಟಿ.ಸಿ. ಮಾಮ "ಯಾರು?" ಎಂದರು. ಹೆಸರು ಹೇಳಿದೆ. "ಊಟ ಆತೇನು?" ಎಂದರು. ನಾನು ಆಯಿತು ಎಂದು ಫೋನ್ ಇಟ್ಟೆ.

ಡಿಗ್ರಿ ಸಿಕ್ಕ ದಿನ ವಿಡಿಯೋದಲ್ಲಿ ಸರ್ಟಿಫಿಕೇಟನ್ನು ಕಿಟಕಿಗೆ ಹಿಡಿದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಬಹಳ ಸೊರಗಿದ್ದರು. "ಫೋನಿನಾಗ ಏನ್ ತಿಳೀತದ ತಂಗಿ. ಕೈಯಾಗ ತಂದು ಕೊಡು, ಆಮ್ಯಾಲೆ ಹೇಳ್ತೀನಿ."

ನಾನು ಬರುವುದಕ್ಕೆ ಹದಿನೇಳು ದಿನ ಮೊದಲು ಅವರು ಹೋದರು. ಸರ್ಟಿಫಿಕೇಟ್ ತೆಗೆದುಕೊಂಡು ಅವರ ಮನೆಗೆ ಹೋದೆ. ಬಾಗಿಲಲ್ಲಿ ಯಾರೂ ಹೆಸರು ಕೇಳಲಿಲ್ಲ. ಇಂಗ್ಲಿಷ್ ಓದಲು ಬಾರದ ಮಾಮಿ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಹಿಡಿದರು, ಮಗುಚಿದರು, ಹಿಂಬದಿಯಲ್ಲಿ ಉಬ್ಬಿದ ಠಸ್ಸೆಯನ್ನು ಬೆರಳಿನಿಂದ ಮುಟ್ಟಿದರು. "ನಂಗೇನ್ ತಿಳೀತದವ್ವಾ. ಅವ್ರು ಇದ್ದಿದ್ರ ಹೇಳ್ತಿದ್ರು," ಎಂದು ವಾಪಸು ಕೊಟ್ಟರು.

ಅದಕ್ಕೊಂದು ಫ್ರೇಮ್ ಹಾಕಿಸು ಎಂದು ಅಪ್ಪ ಈಗಲೂ ಹೇಳುತ್ತಿರುತ್ತಾರೆ. ನಾನು ಹಾಕಿಸಿಲ್ಲ. ಫ್ರೇಮ್ ಹಾಕಿಸಿದರೆ ಅದರ ಹಿಂಬದಿ ನೋಡಲು ಬರುವುದಿಲ್ಲ.