ಕುದಿಸಿ ಕುಡಿಯಿರಿ

ನಮ್ಮ ಮನೆ ಕಾಶಿಯಲ್ಲಿ, ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿತ್ತು. ಮಾವನವರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುತ್ತಿದ್ದರು. ಬಂದವರು ಉಳಿಯುವುದೂ ನಮ್ಮ ಕೆಳಗಿನ ಕೋಣೆಗಳಲ್ಲೇ. ತೊಂಬತ್ತರ ದಶಕದ ಮೊದಲ ವರ್ಷಗಳು. ನೀರಿನ ಕಚೇರಿಗೂ ನಮಗೂ ಇದ್ದ ಸಂಬಂಧವೆಂದರೆ ಬಿಲ್ಲು. ಅದನ್ನು ತರುವವನು ಗಲ್ಲಿಗೆ ಅಡ್ಡ ನಿಂತ ಗೂಳಿಯನ್ನು ದಾಟಿ, ಕಡಿದಾದ ಮೆಟ್ಟಿಲು ಹತ್ತಿ, ಅಡುಗೆಮನೆ ಬಾಗಿಲಿಗೇ ಬಂದು ಕೈಗೆ ಕೊಟ್ಟು ಹೋಗುತ್ತಿದ್ದ. ಆ ನೀರು ಹೇಗಿದೆ ಎನ್ನುವ ಸುದ್ದಿಗೆ ಮಾತ್ರ ನಮ್ಮ ಗಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಒಂದು ಮಳೆಗಾಲದಲ್ಲಿ ನಲ್ಲಿ ನೀರಿಗೆ ಚರಂಡಿಯ ವಾಸನೆ ಬಂತು, ಹೋಯಿತು, ಮತ್ತೆ ಬಂತು. ಅದಾದ ಮೇಲೆ ಒಂದು ದಿನ ಸೋನಾರ್‌ಪುರದಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಮೈಕು ಕಟ್ಟಿದ ಸೈಕಲ್ ರಿಕ್ಷಾ ಎದುರಾಯಿತು. ನಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎಂದು ಅದರಲ್ಲಿ ಕೂತವನು ಹಿಂದಿಯಲ್ಲಿ ಕೂಗುತ್ತಿದ್ದ.

ನಾನು ರಿಕ್ಷಾ ಅಡ್ಡಗಟ್ಟಿ, "ಕಬ್ ಸೇ ಖರಾಬ್ ಹೈ, ಭಯ್ಯಾ?" ಎಂದು ಕೇಳಿದೆ. ಯಾವಾಗಿನಿಂದ ಕೆಟ್ಟಿದೆ ಎಂದು ತಿಳಿಯಬೇಕಿತ್ತು.

"ಹಮ್ ಕಾ ಜಾನೀ, ಬಹಿನ್‌ಜೀ?" ಎಂದ ಅವನು. ನನಗೇನು ಗೊತ್ತು ಎಂದು ಕೈ ಆಡಿಸಿ ಮುಂದೆ ಹೋದ. ರಿಕ್ಷಾ ಗಲ್ಲಿಯೊಳಗೆ ಬರುವ ಹಾಗಿರಲಿಲ್ಲ. ನಾನು ಮನೆಗೆ ಓಡಿದೆ.

ಓಡಿದ್ದು ನನ್ನ ಓರಗಿತ್ತಿಗಾಗಿ. ಮೈದುನನ ಹೆಂಡತಿ, ಚೊಚ್ಚಲ ಬಸುರಿ. ಏಳರಲ್ಲಿ ಸೀಮಂತ ಮುಗಿಸಿ ತವರಿಗೆ ಕಳಿಸುವುದೆಂದು ಮಾತಾಗಿತ್ತು. ಅತ್ತೆ ಇಲ್ಲದ ಮನೆಯಲ್ಲಿ ಅವಳಿಗೆ ನಾನೇ ಅತ್ತೆ, ನಾನೇ ಅಕ್ಕ. ಅಂದಿನಿಂದ ಬೆಳಗಾದರೆ ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮುಚ್ಚಿಡುತ್ತಿದ್ದೆ. ಹಿಂದಿ ಬಾರದ ಯಾತ್ರಿಕರಿಗೆ ಆ ಮೈಕಿನ ಕನ್ನಡ ನಾನೇ ಆದೆ. ಯಾರಾದರೂ ನಲ್ಲಿಗೆ ಬಾಯಿ ಒಡ್ಡಿದರೆ ಮೇಲಿನಿಂದಲೇ ಗದರುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರಲ್ಲ, ನೀರನ್ನೂ ಬಲ್ಲೆ ಎಂಬ ಜಂಬ ನನಗೆ.

ಓರಗಿತ್ತಿಗೆ ಕಾಸಿದ ನೀರು ಸೇರುತ್ತಿರಲಿಲ್ಲ.

"ಅಕ್ಕಾ, ಇದಕ್ಕೆ ರುಚಿನೇ ಇಲ್ಲ. ಸತ್ತ ನೀರು ಕುಡಿದಂಗಾಗತ್ತೆ. ಬೆಳಗ್ಗೆ ಮಾವ ತೀರ್ಥ ಕೊಡ್ತಾರಲ್ಲ, ಆಗ ಮಾತ್ರ ನೀರು ಕುಡಿದಂಗಿರತ್ತೆ ನೋಡಿ."

"ಮೊದ್ಲು ಹೊಟ್ಟೇಲಿರೋದು ಹೊರಗೆ ಬರ್ಲಿ. ಆಮೇಲೆ ಜೀವ ಇರೋ ನೀರು ಕುಡಿಯುವಂತೆ" ಎಂದೆ. ಅವಳು ನಕ್ಕಳು, ನಾನೂ ನಕ್ಕೆ.

ಮಳೆಗಾಲ ಮುಗಿಯುತ್ತಾ ಬಂದಾಗ ಅವಳ ಕಣ್ಣು ಹಳದಿಯಾಯಿತು. ಅನ್ನ ಕಂಡರೆ ವಾಕರಿಕೆ. ಆಸ್ಪತ್ರೆಯ ಡಾಕ್ಟರಮ್ಮ ಕಣ್ಣೆವೆ ಎಳೆದು ನೋಡಿ, ಈ ಕಾಮಾಲೆ ಕೆಟ್ಟ ನೀರಿನಿಂದ ಬರುತ್ತದೆ, ಬಸುರಿಯರಿಗೆ ಬಂದರೆ ಜೀವಕ್ಕೇ ಅಪಾಯ ಎಂದರು. ಯಾವ ನೀರು ಕುಡಿಸುತ್ತಿದ್ದೀರಿ ಎಂದು ಕೇಳಿದರು. ಕಾಸಿದ್ದು ಬಿಟ್ಟು ಒಂದು ತೊಟ್ಟೂ ಇಲ್ಲ ಎಂದೆ, ಎದೆ ಮುಟ್ಟಿ. ಅದು ನಿಜವೆಂದೇ ನಂಬಿದ್ದೆ.

ಮರುದಿನ ಮಾವನವರು ಪೂಜೆ ಮುಗಿಸಿ ಮಡಿಯಲ್ಲೇ ಆಸ್ಪತ್ರೆಗೆ ಬಂದರು. ಕೈಯಲ್ಲಿ ತಾಮ್ರದ ಗಿಂಡಿ. ಅವಳನ್ನು ಮೆಲ್ಲಗೆ ಎಬ್ಬಿಸಿ, ಅಂಗೈಗೆ ತೀರ್ಥ ಹಾಕಲು ಉದ್ಧರಣೆ ಎತ್ತಿದರು. ಬಸುರಿಯೆಂದು ಅವಳಿಗೆ ದಿನವೂ ಇಬ್ಬರ ಪಾಲು. ನಾನು ಆ ಚಮಚವನ್ನೇ ನೋಡುತ್ತಾ ಮಂಚದ ಹತ್ತಿರ ಸರಿದೆ.

"ಮಾವ, ಇದು ಯಾವ ನೀರು?"

"ತೀರ್ಥ ಕಣಮ್ಮ."

"ಅದು ಗೊತ್ತು. ನೀರು ಎಲ್ಲೀದು?"

"ನಲ್ಲೀದೇ. ಮಂಡಿ ನೋವು ಬಂದ್ಮೇಲೆ ನಾನು ಗಂಗೆಗೆ ಎಲ್ಲಿ ಇಳೀತೀನಿ? ಮಂತ್ರ ಹೇಳಿ ಗಂಗೇನ ಕರೀತೀನಿ. ದೇವರಿಗೆ ಕಾಸಿದ ನೀರು ಆಗತ್ಯೇ?"

ಹೇಳುತ್ತಾ ಹೇಳುತ್ತಾ ಅವರ ಕೈ ನಿಂತಿತು. ಓರಗಿತ್ತಿ ಕಣ್ಣು ಮುಚ್ಚಿಕೊಂಡು ಅಂಗೈ ಚಾಚಿಯೇ ಇದ್ದಳು. ಅಭಿಷೇಕದ ನೀರು ತಣ್ಣಗಿರಬೇಕು, ಒಲೆ ಕಂಡಿರಬಾರದು, ಅದು ನಮ್ಮ ಮನೆಯ ನಡೆ. ನಲ್ಲಿ ನೀರಿಗೆ ಅಷ್ಟೆಲ್ಲ ಕಾವಲು ಹಾಕಿದ್ದ ನನಗೂ ತೀರ್ಥವೆಂದರೆ ನೀರು ಎಂದು ಹೊಳೆದಿರಲಿಲ್ಲ.

ಮಾವನವರು ಉದ್ಧರಣೆಯನ್ನು ಗಿಂಡಿಗೆ ಹಾಕಿ ಹೊರಗೆ ಹೋದರು. ಅವಳು ಕಣ್ಣು ಬಿಟ್ಟು, "ತೀರ್ಥ ಎಲ್ಲಿ, ಅಕ್ಕ?" ಎಂದಳು. ನಾನು ಸೆರಗಿನಿಂದ ಅವಳ ಒಣ ಅಂಗೈ ಒರೆಸಿದೆ.

ಆ ವಾರವೇ ಅವಳು ಹೋದಳು, ಮಗುವೂ ಹೊಟ್ಟೆಯಲ್ಲೇ ಹೋಯಿತು. ಊರಿಗೆಲ್ಲ ಪಿಂಡ ಇಡಿಸುವ ಮನೆ ನಮ್ಮದು. ಹರಿಶ್ಚಂದ್ರ ಘಾಟಿನ ಸ್ಮಶಾನದಿಂದ ಬಂದ ಮೈದುನ ಮಾತ್ರ ಸ್ನಾನ ಮಾಡಲೂ ತಿಳಿಯದವನಂತೆ ಅಂಗಳದಲ್ಲಿ ನಿಂತಿದ್ದ.

ಈ ಕಾಯಿಲೆ ಮೈಯಲ್ಲಿ ವಾರಗಟ್ಟಲೆ ಅಡಗಿರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಮೈಕು ಕೂಗುವ ಮೊದಲೇ ಕುಡಿದ ನೀರಿನಿಂದ ಬಂದಿರಬಹುದು, ಆಮೇಲಿನ ತೀರ್ಥದಿಂದಲೂ ಬಂದಿರಬಹುದು. ನೀರು ಕೆಟ್ಟದ್ದು ಯಾವಾಗ ಎಂದು ಗೊತ್ತಿದ್ದರೆ ಅಂದಾಜಾದರೂ ಮಾಡಬಹುದಿತ್ತು. ನಾನು ಕೇಳಿದ್ದು ಅದೊಂದೇ ಪ್ರಶ್ನೆ. ಕಚೇರಿಯವರು ಅದನ್ನು ಹೇಳಲೇ ಇಲ್ಲ, ಮಾವನವರು ಪೂರಾ ಹೊರೆಯನ್ನು ತಮ್ಮ ತಲೆಗೇ ಎಳೆದುಕೊಂಡರು. ಇಂದಿಗೂ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸೂತಕ ಕಳೆಯುವ ಹೊತ್ತಿಗೆ ಸೋನಾರ್‌ಪುರಕ್ಕೆ ರಿಕ್ಷಾ ಮತ್ತೆ ಬಂದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನೀರು ಈಗ ಶುದ್ಧವಾಗಿದೆ, ನಿಶ್ಚಿಂತೆಯಿಂದ ಕುಡಿಯಿರಿ ಎಂದು ಅದೇ ದನಿ ಕೂಗಿತು. ಮನೆಗೆ ಬಂದು ಮಾವನವರಿಗೆ ಹೇಳಿದೆ.

ಮರುದಿನ ಬೆಳಗ್ಗೆ ನಿಂತುಹೋಗಿದ್ದ ಪೂಜೆ ಮತ್ತೆ ಶುರುವಾಗಬೇಕಿತ್ತು. ಮಾವನವರು ಒದ್ದೆ ಪಂಚೆಯಲ್ಲಿ, ಅಭಿಷೇಕದ ತಂಬಿಗೆ ಹಿಡಿದು ಅಡುಗೆಮನೆ ಹೊಸ್ತಿಲಿನ ಆಚೆ ನಿಂತರು.

"ದೇವರಿಗೂ ಕಾಸಿದ್ದೇ ಹಾಕಮ್ಮ" ಎಂದರು.

ಪಾತ್ರೆ ಆಗಷ್ಟೇ ಒಲೆಯಿಂದ ಇಳಿದಿತ್ತು. ಇನ್ನೂ ಸುಡುತ್ತಿದೆ, ಹೊತ್ತಾಗುತ್ತದೆ, ಕೂತುಕೊಳ್ಳಿ ಎಂದೆ. ಅವರು ಕೂರಲಿಲ್ಲ. ನೀರು ಆರುವವರೆಗೂ ಆ ನೋಯುವ ಮಂಡಿಯಲ್ಲೇ ನಿಂತಿದ್ದರು.