ಬ್ಯಾರನ್ ಮುಂದಿನ ಹಾಜರಿ

ನಮ್ಮ ಕಾಲೇಜಿನ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಯಂತ್ರವಿದೆ. ಬೆಳಿಗ್ಗೆ ಅದರ ಮುಂದೆ ಮುಖ ತೋರಿಸಿದರೆ ಹಾಜರಿ, ಇಲ್ಲದಿದ್ದರೆ ಗೈರು. ಆಮೇಲೆ ಒಳಗೆ ಹೋಗಿ ಅದೇ ಮುಖವನ್ನು ಬೆಂಚಿನ ಮೇಲಿಟ್ಟು ಸಂಜೆಯವರೆಗೆ ನಿದ್ದೆ ಹೊಡೆದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ.

ಹುಣಸೂರಿನ ಒಂದು ಖಾಸಗಿ ತರಬೇತಿ ಕಾಲೇಜಿನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸಿಗೆ ಪಾಠ ಹೇಳುವುದು ನನ್ನ ಕೆಲಸ. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ನನ್ನ ಕ್ಲಾಸು ಧರ್ಮಛತ್ರವಾಗಿಬಿಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಎಲ್ಲಿ ನೋಡಿದರೂ ಬ್ಯಾರನ್‌ಗಳು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲು ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಕಾವು ಕೊಟ್ಟು ಒಣಗಿಸುವ ಎತ್ತರದ ಕೋಣೆ ಅದು. ಒಲೆ ಹಚ್ಚಿದ ಮೇಲೆ ಹಗಲೂ ರಾತ್ರಿ ಯಾರಾದರೂ ಕಾಯಲೇಬೇಕು. ರಾತ್ರಿಯ ಪಾಳಿ ಬೀಳುವುದು ಓದುವ ಮಕ್ಕಳ ಮೇಲೆ. "ಎಂಗೂ ಓದ್ಕಂಡ್ ಕೂತಿರ್ತೀಯ, ಅಂಗೇ ಬೆಂಕೀನೂ ನೋಡ್ಕ" ಎನ್ನುತ್ತಾರೆ ಮನೆಯವರು. ಮಕ್ಕಳು ಬೆಂಕಿ ನೋಡುತ್ತಾರೆ. ಓದು ಬೂದಿಯಾಗುತ್ತದೆ.

ಮಕ್ಕಳು ತೂಕಡಿಸುವುದಕ್ಕೆ ನಮ್ಮ ಪಾಠವೇ ಕಾರಣ ಎಂದು ತೀರ್ಮಾನಿಸಿದ ಪ್ರಾಂಶುಪಾಲರು ನಮ್ಮನ್ನೆಲ್ಲ ಮೈಸೂರಿಗೆ ತರಬೇತಿಗೆ ಅಟ್ಟಿದರು. ಅಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡಿದ್ದ ಒಬ್ಬ ಯುವಕ ನಮ್ಮನ್ನು ಎಬ್ಬಿಸಿ, ಕುಣಿಸಿ, ಕೈಗೆ ಬಣ್ಣದ ಚೀಟಿ ಕೊಟ್ಟ. ಅರ್ಥವಾದವರು ಒಂದು ಚಪ್ಪಾಳೆ, ಆಗದವರು ಎರಡು ಚಪ್ಪಾಳೆ ಹೊಡೆಯಬೇಕು, ಹೀಗೆ ಮಾಡಿಸಿದರೆ ಯಾವ ವಿದ್ಯಾರ್ಥಿಯೂ ಮಲಗುವುದಿಲ್ಲ ಎಂದ. ಅವನು ಜನ್ಮದಲ್ಲಿ ಒಂದೂ ಬ್ಯಾರನ್ ಕಂಡಿರಲಿಕ್ಕಿಲ್ಲ.

ವಾಪಸು ಬಂದವನೇ ನಾನು ಕಾವಿಗೆ ತಕ್ಕಂತೆ ಕರೆಂಟು ಹರಿಸಿ ನಿಲ್ಲಿಸುವ ಥರ್ಮೋಸ್ಟಾಟಿನ ಪಾಠಕ್ಕೆ ಆ ಚಪ್ಪಾಳೆಯನ್ನು ಪ್ರಯೋಗಿಸಿದೆ. ಎಲ್ಲರದೂ ಒಂದೇ ಚಪ್ಪಾಳೆ. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡೇ ಹೊಡೆದಳು. ಇಡೀ ಕ್ಲಾಸಿಗೆ ಇದ್ದವಳು ಅವಳೊಬ್ಬಳೇ ಹುಡುಗಿ, ಬಿಳಿಕೆರೆ ಕಡೆಯ ಹಳ್ಳಿಯವಳು. ನನಗೆ ಮೈಯೆಲ್ಲ ಉರಿಯಿತು.

"ನಿದ್ದೆ ಮಾಡೋಕೆ ಇಲ್ಲೀವರ್ಗೂ ಯಾಕಮ್ಮ ಬರ್ತೀಯ?" ಎಂದೆ.

ಅವಳು ಎದ್ದು ನಿಂತಳು. "ನಮ್ಮಪ್ಪಂಗೆ ಸೊಂಟ ಇಡ್ಕಂಡದೆ ಸಾ. ಅಣ್ಣ ಕೊಡಗಿಗೆ ಕೆಲಸಕ್ಕೋಗವ್ನೆ. ಬ್ಯಾರನ್ ನಾನೇ ಕಾಯ್ಬೇಕು. ಪಾಸಾದ್ರೆ ಕಾರ್ಖಾನೇಲಿ ಅಪ್ರೆಂಟಿಸ್‌ಗೆ ಕಳಿಸ್ತೀನಿ ಅಂತ ಅಪ್ಪ ಅಂದವ್ರೆ. ಇಲ್ದಿದ್ರೆ ಸೊಪ್ಪು ಕಟ್ಕಂಡಿರು ಅಂತರೆ. ಅದ್ಕೇ ನಿದ್ದೆ ಬಂದ್ರೂ ಬತ್ತೀನಿ."

"ನಿದ್ದೆ ಬಂದು ಒಲೆ ಆರಿದ್ರೆ?"

"ಕಾವು ಇಳಿದ್ರೆ ಸೊಪ್ಪು ಕೆಡ್ತದೆ. ಇಳೀತಿದ್ದಂಗೆ ಯಾರಾದ್ರೂ ಎಬ್ಬಿಸಂಗಿದ್ರೆ ಒಂದ್ ಗಳಿಗೆ ಮಲೀಕಬೋದಿತ್ತು ಸಾ."

ನಾನು ಹಲಗೆಯ ಮೇಲೆ ಬರೆದಿದ್ದನ್ನೆಲ್ಲ ಒರೆಸಿ ಒಂದು ಬ್ಯಾರನ್ ಬರೆದೆ. "ಎಬ್ಬಿಸೋದು ಹೆಂಗೆ, ಹೇಳ್ರೋ" ಎಂದೆ. ಅದುವರೆಗೆ ಬಾಯಲ್ಲಿ ಕಡುಬು ತುರುಕಿಕೊಂಡಂತೆ ಕೂರುತ್ತಿದ್ದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಕಾವು ಇಳಿದಾಗ ತಂತಿ ಕೂಡಬೇಕು, ಏರಿದಾಗ ಬಿಡಬೇಕು ಎಂಬಲ್ಲಿಗೆ ಅವರೇ ಬಂದು ಮುಟ್ಟಿದರು. ನಾನು ಎರಡು ವಾರ ಗಂಟಲು ಹರಿದುಕೊಂಡು ಹೇಳಿದ್ದು ಅದನ್ನೇ.

ಮುಂದಿನ ಒಂದು ವಾರದ ಪ್ರಾಯೋಗಿಕ ತರಗತಿಯನ್ನು ಅವಳ ಮನೆಯ ಬ್ಯಾರನ್ ಹತ್ತಿರವೇ ಮಾಡುತ್ತೇನೆಂದು ಪ್ರಾಂಶುಪಾಲರನ್ನು ಕೇಳಿದೆ. "ಮಾಡಿ ಸರ್, ಒಳ್ಳೇದೇ. ಗ್ರೂಪಿಗೆ ಫೋಟೊ ಹಾಕೋದ್ ಮಾತ್ರ ಮರೀಬೇಡಿ" ಎಂದರು.

ಗುಜರಿಯಿಂದ ಹಳೇ ಗೀಸರಿನ ಥರ್ಮೋಸ್ಟಾಟ್ ತಂದೆವು. ಹುಡುಗರು ತಂತಿ ಎಳೆದರು, ಅವಳು ಜೋಡಿಸಿದಳು. ತಪ್ಪಿತು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಅವಳ ಅವ್ವ ದೂರದಲ್ಲಿ ನಿಂತು, "ಕರೆಂಟ್ ಬುಟ್ಟು ನನ್ ಸೊಪ್ಪು ಸುಟ್ಟಾಕ್ಬುಟ್ಟೀರಿ ಕಣ್ರಪ್ಪಾ" ಎನ್ನುತ್ತಿದ್ದರು. ಕೊನೆಯ ದಿನ ಥರ್ಮೋಸ್ಟಾಟಿನ ಕಡ್ಡಿಯನ್ನು ಬ್ಯಾರನ್ನಿನಿಂದ ಹೊರಗೆಳೆದು ತಣ್ಣನೆ ಗಾಳಿಗೆ ಹಿಡಿದೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮನೆಯ ಜಗುಲಿಯಲ್ಲಿ ಕಾಲಿಂಗ್ ಬೆಲ್ ಕಿರುಚಿಕೊಂಡಿತು. ಹುಡುಗರು ಶಿಳ್ಳೆ ಹೊಡೆದರು. ಅವಳು ಬೆಲ್ಲನ್ನು ಕೈಯಲ್ಲಿ ಹಿಡಿದು ನಗುತ್ತಿದ್ದಾಗ ಫೋಟೊ ತೆಗೆದು ಗ್ರೂಪಿಗೆ ಕಳಿಸಿದೆ. ಪ್ರಾಂಶುಪಾಲರಿಂದ ಮೇಲೆತ್ತಿದ ಹೆಬ್ಬೆಟ್ಟಿನ ಗುರುತು ಬಂತು. ಇಷ್ಟು ವರ್ಷದಲ್ಲಿ ನಾನು ಮಾಡಿದ ಪಾಠವೆಂದರೆ ಅದೊಂದೇ ಎಂದು ಈಗಲೂ ಅನಿಸುತ್ತದೆ.

ಮರುದಿನದಿಂದ ಅವಳು ಕ್ಲಾಸಿನಲ್ಲಿ ಎಚ್ಚರವಾಗಿದ್ದಳು. ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ, ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರುವಂತಿಲ್ಲದವರ ಹೆಸರು ಗೋಡೆಗೆ ಅಂಟಿಸಿದರು. ನಮ್ಮ ಕ್ಲಾಸಿನಿಂದ ಅಲ್ಲಿದ್ದುದು ಅವಳ ಹೆಸರೊಂದೇ. ಹೊಲದಲ್ಲಿ ಸೊಪ್ಪು ಮುರಿಯುವ ಕೆಲಸಕ್ಕೆಂದು ಅವಳು ಮೊದಲೇ ಕೆಲವು ದಿನ ಕ್ಲಾಸು ತಪ್ಪಿಸಿಕೊಂಡಿದ್ದಳು, ಅದು ನಿಜ. ಅದರ ಮೇಲೆ ಬ್ಯಾರನ್ನಿನ ವಾರವನ್ನೂ ಯಂತ್ರ ಗೈರು ಮಾಡಿತ್ತು. ಹುಡುಗರಿಗೂ ಗೈರೇ ಬಿದ್ದಿತ್ತು, ಆದರೆ ಅವರಿಗೆ ಬೇಕಾದಷ್ಟು ಹಾಜರಿ ಉಳಿದಿತ್ತು. ನಾನು ಪ್ರಾಂಶುಪಾಲರ ಕೋಣೆಗೆ ನುಗ್ಗಿದೆ.

"ನೀವೇ ಒಪ್ಪಿದ್ರಿ. ಕೈಯಲ್ಲಿ ಬರೆದು ಸೇರಿಸಿ" ಎಂದೆ.

"ಒಪ್ಪಿದ್ದೆ, ಇಲ್ಲ ಅನ್ನಲ್ಲ. ಮುಖ ಇಲ್ಲದೆ ಹಾಜರಿ ಹಾಕಿದ್ರೆ ಮೇಲಿನವರು ನನ್ನ ಕೇಳ್ತಾರೆ ಸರ್. ಕ್ಲಾಸು ಕಟ್ಟಡದ ಒಳಗೆ ನಡೀಬೇಕಿತ್ತು."

"ಹಂಗಾದ್ರೆ ಫೋಟೊ ಯಾಕೆ ಹಾಕಿಸ್ಕೊಂಡ್ರಿ?"

"ಫೋಟೊ ಬೇರೆ, ಹಾಜರಿ ಬೇರೆ" ಎಂದು ಅವರು ಬೇರೆ ಫೈಲು ಎಳೆದುಕೊಂಡರು.

ಪರೀಕ್ಷೆಯಲ್ಲಿ ಥರ್ಮೋಸ್ಟಾಟ್ ಪ್ರಶ್ನೆಯೇ ಬಂತು. "ನಮ್ಮ ಬೆಲ್ಲೇ ಬಂದಿತ್ತು ಸಾ" ಎಂದು ಹುಡುಗರು ಕುಣಿದುಕೊಂಡು ಹೊರಗೆ ಬಂದರು. ಬ್ಯಾರನ್ನಿಗೆ ಬಂದ ಹುಡುಗರೆಲ್ಲ ಪಾಸು, ಬೆಲ್ ಜೋಡಿಸಿದವಳು ಮಾತ್ರ ಪರೀಕ್ಷೆಗೇ ಇಲ್ಲ. ಅವರನ್ನು ಅಭಿನಂದಿಸುವಾಗಲೂ ನನ್ನ ಬಾಯಿ ಕಹಿಯಾಗಿಯೇ ಇತ್ತು.

ಹೊಸ ದಾಖಲಾತಿಯ ಹೊತ್ತಿಗೆ ಗೇಟಿನ ಮೇಲೆ ಇಷ್ಟಗಲದ ಫ್ಲೆಕ್ಸ್ ಏರಿತು. 'ಮಾಡಿ ಕಲಿಯುವ ಕಾಲೇಜು' ಎಂದು ದಪ್ಪ ಅಕ್ಷರ. ನಡುವೆ ಅವಳ ಫೋಟೊ, ಕೈಯಲ್ಲಿ ಬೆಲ್, ಹಿಂದೆ ಬ್ಯಾರನ್. ತೆಗೆಸಿ ಎಂದು ಪ್ರಾಂಶುಪಾಲರ ಹತ್ತಿರ ಜಗಳವಾಡಿದೆ. ಎಷ್ಟು ಚೆನ್ನಾಗಿ ಬಂದಿದೆ, ಹೆಣ್ಣುಮಕ್ಕಳೂ ಸೇರುತ್ತಾರೆ ಎಂದರು.

ಅದೇ ವಾರ ಅವಳು ತನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿ ವಾಪಸು ತೆಗೆದುಕೊಳ್ಳಲು ಬಂದಳು. ಸೊಪ್ಪಿನ ಅಂಟು ಹತ್ತಿ ಬೆರಳುಗಳೆಲ್ಲ ಕಪ್ಪಾಗಿದ್ದವು. ಬೆಲ್ ಇನ್ನೂ ಹೊಡೆಯುತ್ತಿದೆಯಾ ಎಂದು ಕೇಳಿದೆ. ಹೊಡೆಯುತ್ತದೆ ಎಂದಳು. ಅವಳನ್ನು ಕಳಿಸಲು ಗೇಟಿನವರೆಗೆ ಹೋದೆ. ಅವಳು ತಲೆ ಎತ್ತಿ ಫ್ಲೆಕ್ಸನ್ನು ತುಂಬಾ ಹೊತ್ತು ನೋಡಿದಳು.

"ಇದ್ರಲ್ಲಿ ನನ್ ಮುಖ ಸರ್ಯಾಗೇ ಕಾಣ್ತದಲ್ಲ ಸಾ," ಎಂದಳು. "ಇದ್ನ ಆ ಮಿಶಿನ್‌ಗೆ ತೋರ್ಸಿದ್ರೆ ಆಗ್ತಿರ್ನಿಲ್ವಾ?"