ಸರಿದಾಡಿದ ಸುಣ್ಣದ ಗೋಡೆ

ಮನೋಳಿಯ ಖತಿಜಾಬಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಕಾಲಕ್ಕೇ ಅವಳ ಕಿತಾಪತಿ ಊರಿಗೆಲ್ಲ ಗೊತ್ತಿತ್ತು. ಗಜ್ಜರಿ ಕಂಡರೆ ಮೂಗು ಮುರಿಯುವ ಮಕ್ಕಳಿಗೆ ಅದನ್ನೇ ನುಣ್ಣಗೆ ಅರೆದು ಸಾರಿಗೆ ಸೇರಿಸಿ, ಈ ಹೊತ್ತು ಗಜ್ಜರಿ ಸಿಗಲಿಲ್ಲ ಎಂದು ಮುಖ ಸಪ್ಪಗೆ ಮಾಡಿಕೊಂಡು ಬಡಿಸುತ್ತಿದ್ದಳು. ಆ ಕೆಲಸ ಬಿಟ್ಟ ಮೇಲೆ ಅವಳಿಗೆ ಮನೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಪಂಚಾಯಿತಿಯ ಹಳೆಯ ಗೋದಾಮು ಗುಡಿಸಿ, ಜಮಖಾನೆ ಹಾಸಿ, ಸಂಜೆ ಹೊತ್ತು ಮಕ್ಕಳನ್ನು ಕೂಡಿಸತೊಡಗಿದಳು. ಕ್ಯಾರಂ ಬಂತು, ಯಾರೋ ಕಥೆ ಪುಸ್ತಕ ಕೊಟ್ಟರು, ಊರವರು ಅದಕ್ಕೆ ಮಕ್ಕಳ ಮನೆ ಎಂದು ಹೆಸರಿಟ್ಟರು.

ಸಣ್ಣವರು ಇದ್ದಷ್ಟು ದಿನ ಒಂದೇ ಖೋಲಿ ಸಾಕಾಯಿತು. ಅವರು ಬೆಳೆದಂತೆ ಖೋಲಿ ಬೆಳೆಯಲಿಲ್ಲ. ಮೀಸೆ ಚಿಗುರಿದ ಹುಡುಗರು ಕ್ಯಾರಂ ಬೋರ್ಡಿನ ಸುತ್ತ ಭದ್ರವಾಗಿ ಕೂತರು, ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕೊನೆಗೆ ಖತಿಜಾಬಿಯ ಮೊಮ್ಮಗಳು, ಹತ್ತನೆಯ ಇಯತ್ತೆಯ ಹಿನಾಕೌಸರಳೂ ಬರಲಿಲ್ಲ. ಅಲ್ಲಿ ಕಾಲು ಚಾಚಿ ಕೂರಲಿಕ್ಕೂ ಆಗುವುದಿಲ್ಲ, ಜೋರಾಗಿ ನಗಲಿಕ್ಕೂ ಆಗುವುದಿಲ್ಲ ಎಂದಳು. ಲಾರಿ ಓಡಿಸುವ ಅವಳ ಅಪ್ಪ ಅಯಾಜ್, ಮಗಳು ಮನೆಯಲ್ಲಿರುವುದೇ ಚಲೋ ಎಂದ. ಈ ಮಾತು ಖತಿಜಾಬಿಗೆ ಚುಚ್ಚಿತು.

ಮಕ್ಕಳ ಮನೆಯನ್ನು ದೊಡ್ಡದು ಮಾಡಬೇಕೆಂದು ಅವಳು ಊರೆಲ್ಲ ತಿರುಗಿದಳು. ಜಮೀನುದಾರ ನಿಜಗುಣಪ್ಪ ತನ್ನ ಹಳೆಯ ಕಣದ ಜಾಗವನ್ನೇ ಬಿಟ್ಟುಕೊಟ್ಟ. ಜಾಗ ಕೊಟ್ಟವನೇ ಕಟ್ಟಡ ಸಮಿತಿಯ ಅಧ್ಯಕ್ಷನೂ ಆದ. ಮೊದಲ ಮೀಟಿಂಗಿನಲ್ಲಿ ದೊಡ್ಡ ಹಾಲ್, ಪುಸ್ತಕದ ಖೋಲಿ, ಕಕ್ಕಸು ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಹುಡುಗಿಯರಿಗೆ ಬೇರೆ ಖೋಲಿ ಎಂದಾಗ ಮಾತ್ರ ಅಧ್ಯಕ್ಷನ ಹುಬ್ಬು ಮೇಲೇರಿತು. ಬರದೇ ಇರುವವರಿಗೆ ಖೋಲಿ ಯಾಕೆ, ಆ ಜಾಗದಲ್ಲಿ ಅಧ್ಯಕ್ಷರ ಆಫೀಸು ಆಗಲಿ, ಸೋಫಾ ಹಾಕೋಣ ಎಂದ. ಖೋಲಿ ಇಲ್ಲ ಎಂದೇ ಅವರು ಬರುತ್ತಿಲ್ಲ ಎಂದು ಖತಿಜಾಬಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಡೆಗೆ ಆಫೀಸಿನ ಪಕ್ಕ ಹುಡುಗಿಯರಿಗೆಂದು ಒಂದು ಚೂರು ಜಾಗ ಉಳಿಯಿತು. ಅಲ್ಲಿ ಕಸಬರಿಗೆ ಇಡಬಹುದಿತ್ತು.

ಬೈಲಹೊಂಗಲದ ಎಂಜಿನಿಯರ್ ಗುರುನಾಥ, ಎಲ್ಲೆಲ್ಲಿ ಗೋಡೆ ಬೇಕೋ ಅಲ್ಲಿ ಸುಣ್ಣದ ಗೆರೆ ಹಾಕಿಡಿ, ಸೋಮವಾರ ಬಂದು ಅಳತೆ ತೆಗೆದುಕೊಂಡು ನಕ್ಷೆ ಮಾಡುತ್ತೇನೆ ಎಂದು ತಿಳಿಸಿದ್ದ. ಸಮಿತಿಯವರು ನಿಂತು ಗೆರೆ ಹಾಕಿಸಿ ಹೋದರು.

ಮರುದಿನ ನಸುಕಿನಲ್ಲಿ ಖತಿಜಾಬಿ ಕಸಬರಿಗೆ ಹಿಡಿದು ಕಣಕ್ಕೆ ಹೋದಳು. ಆಫೀಸಿಗೂ ಹುಡುಗಿಯರ ಖೋಲಿಗೂ ನಡುವಿನ ಗೋಡೆಯ ಗೆರೆಯನ್ನು ಗುಡಿಸಿ, ಒಂದು ಮಾರು ಆಚೆ ಹೊಸ ಗೆರೆ ಎಳೆದಳು. ಆಫೀಸು ಸ್ವಲ್ಪ ಸೊರಗಿತು, ಹುಡುಗಿಯರ ಖೋಲಿ ಸ್ವಲ್ಪ ಉಸಿರಾಡಿತು. ಏನೂ ಅರಿಯದವಳಂತೆ ಮನೆಗೆ ಬಂದು ಚಹಾ ಕುಡಿದಳು.

ಅದರ ಮರುದಿನ ನೋಡಿದರೆ ಗೆರೆ ಮತ್ತೆ ಹಳೆಯ ಜಾಗಕ್ಕೇ ಹೋಗಿ ನಿಂತಿತ್ತು. ಅವಳು ಮತ್ತೆ ಸರಿಸಿದಳು. ಅದು ಮತ್ತೆ ವಾಪಸು ಬಂತು. ಬರಬರುತ್ತ ಆ ಭಾಗದ ನೆಲವೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಖತಿಜಾಬಿಗೆ ಸಿಟ್ಟಿಗಿಂತ ಮೋಜೇ ಹೆಚ್ಚು. ತನ್ನಂಥದೇ ತಲೆ ಊರಲ್ಲಿ ಇನ್ನೊಂದು ಇದೆಯಲ್ಲ, ಅದು ಯಾರದು ನೋಡಬೇಕು ಎನಿಸಿತು.

ಭಾನುವಾರ ಮಧ್ಯಾಹ್ನ, ಊರು ಉಂಡು ಅಡ್ಡಾದ ಹೊತ್ತಿಗೆ, ಅವಳು ಕಣದ ಅಂಚಿನ ಜೋಳದ ಕಣಿಕೆಯ ಬಣವೆಯ ಹಿಂದೆ ಹೋಗಿ ಕೂತಳು. ತುಸು ಹೊತ್ತಿಗೆ ನಿಜಗುಣಪ್ಪನೇ ಬಂದ. ಧೋತರ ಮೇಲೆ ಕಟ್ಟಿದ್ದ, ಕೈಯಲ್ಲಿ ತಂಬಿಗೆಯ ತುಂಬ ಸುಣ್ಣದ ಪುಡಿ. ಆಚೆ ಈಚೆ ನೋಡಿ, ಕಾಲಿನಿಂದ ಹೊಸ ಗೆರೆ ಒರೆಸಿ, ಬಗ್ಗಿ ಸುಣ್ಣ ಉದುರಿಸುತ್ತ ಹಿಂದೆ ಹಿಂದೆ ಸರಿದ. ಗೆರೆ ಹಾವಿನಂತೆ ಹರಿಯಿತು. ಖತಿಜಾಬಿಗೆ ತಡೆಯಲಾಗಲಿಲ್ಲ.

"ಸಾವ್ಕಾರ್ರ, ಗ್ವಾಡಿ ಸೊಟ್ಟ ಹೊಂಟೈತ್ರಿ."

ನಿಜಗುಣಪ್ಪ ಬೆಚ್ಚಿದ ರಭಸಕ್ಕೆ ತಂಬಿಗೆ ಕೈಜಾರಿ, ಎರಡೂ ಪಾದ ಸುಣ್ಣದಲ್ಲಿ ಮುಳುಗಿದವು. ಅಧ್ಯಕ್ಷನ ಗತ್ತು ತಂದುಕೊಳ್ಳಲು ನೋಡಿದ. ಬಿಳಿ ಪಾದದ ಮೇಲೆ ಅದು ನಿಲ್ಲಲಿಲ್ಲ. ಕಡೆಗೆ ಬಣವೆಯ ನೆರಳಿಗೆ ಬಂದು ಕೂತ. ಇಷ್ಟು ದೊಡ್ಡ ಆಫೀಸು ಕಟ್ಟಿಕೊಂಡು ಮಾಡುವುದೇನು ಎಂದು ಅವಳು ಕೇಳಿದಳು. ಅವನು ಬಣವೆಯಿಂದ ಒಂದು ಕಣಿಕೆ ಎಳೆದು ಚೂರು ಚೂರಾಗಿ ಮುರಿದ.

"ಮನ್ಯಾಗ ಸಂಜಿಕ ಟಿವಿ ಹಚ್ಚತಾರ. ಒಂದು ಧಾರಾವಾಹಿ ಮುಗಿದ್ರ ಇನ್ನೊಂದು. ಪೇಪರ್ ಓದಾಕ ಜಾಗಾ ಇಲ್ಲ ನನಗ. ಕಟ್ಟಿ ಮ್ಯಾಲೆ ಕುಂತ್ರ ಸೊಸಿ, ಅಲ್ಲ್ಯಾಕ ಕುಂತೀರಿ, ಒಳಗ ಬರ್ರಿ ಅಂತಾಳ."

ಖತಿಜಾಬಿ ನಗು ಬಂದರೂ ನಗಲಿಲ್ಲ. ಈ ಗೋಳನ್ನೇ ಅವಳು ತನ್ನ ಮನೆಯಲ್ಲಿ ಮೊಮ್ಮಗಳ ಬಾಯಲ್ಲಿ ಕೇಳಿದ್ದಳು.

"ಹಂಗಾದ್ರ ಆಫೀಸು ಸಣ್ಣದು ಮಾಡ್ರಿ. ಅದರ ಮುಂದ ನಿಮಗ ಒಂದು ಅಗಲನ ಪಡಸಾಲಿ ಮಾಡೂನು. ನೀವು ಪೇಪರ್ ಓದಕೋತ ಬಾಗಲಕ್ಕ ಕುಂತ್ರ, ಹುಡುಗ್ಯಾರ ಖೋಲಿ ಕಡೆ ಯಾವನೂ ಹಣಿಕಿ ಹಾಕೂದಿಲ್ಲ. ಅಪ್ಪಂದಿರೂ ಧೈರ್ಯದಿಂದ ಕಳಸ್ತಾರ."

"ಅಂದ್ರ ನನ್ನ ವಾಚಮನ್ ಮಾಡತಿ ಅನ್ನು."

"ಅಧ್ಯಕ್ಷ ಅಂತ ಬೋರ್ಡ್ ಹಾಕಸೂನಲ್ರಿ."

ನಿಜಗುಣಪ್ಪ ಬೋರ್ಡು ಎಷ್ಟು ದೊಡ್ಡದು ಎಂದು ವಿಚಾರಿಸಿಕೊಂಡು ಎದ್ದ. ಇಬ್ಬರೂ ಸೇರಿ ಹೊಸ ಗೆರೆ ಹಾಕಿದರು. ಅವನು ದಾರ ಹಿಡಿದ, ಅವಳು ಸುಣ್ಣ ಉದುರಿಸಿದಳು.

ಸೋಮವಾರ ಗುರುನಾಥ ಟೇಪು ಹಿಡಿದು ಅಳೆದ. ಹುಡುಗಿಯರ ಖೋಲಿ, ಪಡಸಾಲೆ ನೋಡಿ ತಲೆದೂಗಿದ. ಮೀಟಿಂಗಿನಲ್ಲಿ ಬೇರೆಯೇ ಕೇಳಿದ್ದ ಸಮಿತಿಯವರು ಬಾಯಿ ತೆಗೆಯುವ ಮೊದಲೇ ಅಧ್ಯಕ್ಷ, ಇದು ನನ್ನದೇ ವಿಚಾರ ಎಂದು ಎದೆಯುಬ್ಬಿಸಿದ. ಆದರೆ ಇಲ್ಲಿ ನೆಲ ಇಷ್ಟೇಕೆ ಬೆಳ್ಳಗಾಗಿದೆ ಎಂದು ಗುರುನಾಥ ಕೇಳಿದಾಗ, ಕುರಿಹಿಂಡು ಹಾದು ಗೆರೆಯೆಲ್ಲ ತುಳಿದಿತ್ತು ಎಂದುಬಿಟ್ಟ. ಬಹಳ ಕುರಿ ಇದ್ದವು ಎಂದು ಖತಿಜಾಬಿ ಸಾಕ್ಷಿ ಹೇಳಿದಳು.

ಕಟ್ಟಡ ಎದ್ದ ಮೇಲೆ ಹಿನಾಕೌಸರ ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಬಾಗಿಲು ಹಾಕಿಕೊಂಡು ಅವರು ನಕ್ಕ ನಗು ಬೀದಿಯವರೆಗೂ ಕೇಳಿಸಿತು. ಏನು ನಡೆದಿದೆ ನೋಡೋಣ ಎಂದು ಅಯಾಜ್ ಲಾರಿ ನಿಲ್ಲಿಸಿ ಮೆಟ್ಟಿಲು ಹತ್ತಿದ. ಪಡಸಾಲೆಯಲ್ಲಿ ಪೇಪರ್ ಹರಡಿಕೊಂಡಿದ್ದ ನಿಜಗುಣಪ್ಪ ಕನ್ನಡಕದ ಮೇಲಿಂದ ಅವನನ್ನು ನೋಡಿದ.

"ಒಳಗ ಗಂಡಸರಿಗೆ ಪರವಾನಗಿ ಇಲ್ಲಪಾ. ಜಾಗಾ ಕೊಟ್ಟಾಂವ ನಾನಽ ಹೊರಗ ಕುಂತೇನಿ. ನೀನೂ ಕುಂದ್ರು."

ಅಯಾಜ್ ಅವನ ಪಕ್ಕ ಕೂತ. ನಿಜಗುಣಪ್ಪ ಅವನಿಗೂ ಪೇಪರಿನ ಒಂದು ಹಾಳೆ ಕೊಟ್ಟ.